ಹಳೇಬೀಡು: ದೇವಸ್ಥಾನ ಅಷ್ಟೇ ಅಲ್ಲ, ಕೋಟೆಯೊಳಗಿನ ಊರನ್ನ ಒಂದು ದಿನದಲ್ಲಿ ನೋಡೋದು ಹೇಗೆ?

ಹೇಮಾವತಿ_ದಡ
ಹಾಸನದಿಂದ ಬೆಳಿಗ್ಗೆ ಹೊರಟು ಸಂಜೆ ವಾಪಸ್ ಬರೋ ಹಾಗೆ ಒಂದು ಭಾನುವಾರ ಇಟ್ಕೊಂಡಿದ್ದೀವಿ. ಆರು ಜನ: ನಾವಿಬ್ಬರು, ಆರು ಮತ್ತು ಹನ್ನೊಂದು ವರ್ಷದ ಮಕ್ಕಳು, ಮಾವ, ಮಂಡಿ ನೋವಿರೋ ಅತ್ತೆ. ಸ್ವಂತ ಕಾರು. ದೊಡ್ಡವಳ ಪಾಠದಲ್ಲಿ ಕೋಟೆ, ಕಂದಕ, ಬುರುಜು ಬಂದಿದೆ, ನಿಜವಾದ ಕೋಟೆ ಊರು ತೋರಿಸಿ ಅಂತ ಹಠ. ಚಿತ್ರದುರ್ಗ ಅತ್ತೆ ಕೈಲಿ ಆಗಲ್ಲ. ಮಂಜರಾಬಾದ್ ಸರಿಹೋಗುತ್ತಾ? ಹಳೇಬೀಡಿಗೂ ಕೋಟೆ ಇತ್ತು ಅಂತಾರಲ್ಲ, ಈಗ ನೋಡೋಕೆ ಏನಾದ್ರೂ ಉಳಿದಿದೆಯಾ?

ಬಳಪದಕಲ್ಲು
ಮಂಜರಾಬಾದ್ ಚೆನ್ನಾಗಿದೆ, ಆದ್ರೆ ನಿಮ್ಮ ಮಗಳು ಕೇಳ್ತಿರೋದು ಅದಲ್ಲ. ಅದು ಟಿಪ್ಪು ಕಾಲದ್ದು, 1792ರಲ್ಲಿ ಮುಗಿದ ಎಂಟು ಮೂಲೆಯ ನಕ್ಷತ್ರಾಕಾರದ ಸೈನಿಕ ಕೋಟೆ. ಘಾಟಿ ದಾರಿ ಕಾಯೋಕೆ ಕಟ್ಟಿದ್ದು. ಒಳಗೆ ಪೇಟೆ ಇಲ್ಲ, ಕೇರಿ ಇಲ್ಲ. ಸಕಲೇಶಪುರದಿಂದ ಮಂಗಳೂರು ಕಡೆಗೆ ಸುಮಾರು 6 ಕಿ.ಮೀ. ಮೇಲೆ ಹೋಗೋಕೆ ಮೆಟ್ಟಿಲು ಹತ್ತಲೇಬೇಕು, ಮಂಡಿ ನೋವಿರೋರಿಗೆ ಬೇಡ.

ಹಳೇಬೀಡಿನ ಲೆಕ್ಕವೇ ಬೇರೆ. ಹೊಯ್ಸಳರ ರಾಜಧಾನಿ ದೋರಸಮುದ್ರ ಇಡೀ ಊರೇ ಕೋಟೆಯೊಳಗಿತ್ತು. ಕೋಟೆಯ ಆಕಾರ ಹೆಚ್ಚುಕಮ್ಮಿ ಚೌಕ, ಸರಾಸರಿ ಅಗಲ 2.25 ಕಿ.ಮೀ. ಒಂದು ಕಡೆ ದೊಡ್ಡ ಕೆರೆ. ಕೆರೆ ಪಕ್ಕದಲ್ಲಿ ಹೊಯ್ಸಳೇಶ್ವರ, ಅದರ ದಕ್ಷಿಣಕ್ಕೆ ಬಸದಿಗಳು ಮತ್ತು ಕೇದಾರೇಶ್ವರ. ಈ ದೊಡ್ಡ ಗುಡಿಗಳ ಪಶ್ಚಿಮಕ್ಕೆ ಅರಮನೆ, ಈಗ ಬೆಣ್ಣೆಗುಡ್ಡದ ಆಸುಪಾಸಿನ ದಿಬ್ಬಗಳಲ್ಲಿ ಅದರ ಚೂರುಪಾರು ಅಷ್ಟೇ. ಅದಕ್ಕೂ ಪಶ್ಚಿಮಕ್ಕೆ ನಗರೇಶ್ವರ ಗುಡಿಗಳ ಗುಂಪು. ಆಮೇಲೆ ಕೋಟೆಯೊಳಗೇ ಹೊಲಗಳು. ಮುತ್ತಿಗೆ ಬಿದ್ರೂ ಊಟಕ್ಕೆ ತೊಂದರೆ ಆಗಬಾರದು ಅನ್ನೋ ಲೆಕ್ಕ. ಊರೊಳಗೇ ಇನ್ನೂ ನಾಲ್ಕು ಸಣ್ಣ ಕೆರೆ ಇದ್ದವು. ನೀರು, ಅನ್ನ, ಗುಡಿ, ಅರಮನೆ, ಗೋಡೆ, ಐದೂ ಒಂದೇ ಕಡೆ. ಪಾಠದಲ್ಲಿರೋ ಚಿತ್ರ ಇದೇ.

ಬಂದವರಲ್ಲಿ ಬಹಳಷ್ಟು ಜನ ಹೊಯ್ಸಳೇಶ್ವರಕ್ಕೆ ಒಂದು ಸುತ್ತು ಹಾಕಿ, ನಂದಿ ಮುಂದೆ ಫೋಟೋ ತೆಗೆಸ್ಕೊಂಡು, ಎಳನೀರು ಕುಡಿದು ಬೇಲೂರಿಗೆ ಓಡ್ತಾರೆ. ಊರು ನೋಡಿದ ಹಾಗಾಗಲ್ಲ.

ಕಂದಕ_ಕಾವಲು
ಗೋಡೆ ವಿಷಯದಲ್ಲಿ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಮಕ್ಕಳಿಗೆ ಬೇಜಾರಾಗಬಾರದು. ಚಿತ್ರದುರ್ಗದ ತರ ಬಾಗಿಲು, ತೆನೆ (ಗೋಡೆ ತಲೆ ಮೇಲಿನ ಹಲ್ಲಿನಂಥ ಸಾಲು), ಬತೇರಿ (ಬುರುಜು) ಎಲ್ಲ ಎದ್ದು ನಿಂತಿಲ್ಲ. ಇಲ್ಲಿ ಗೋಡೆಯನ್ನ ಓದೋಕೆ ಕಲೀಬೇಕು.

ಏನು ಹುಡುಕೋದು ಅಂದ್ರೆ: ಹೊಲಗಳ ಮಧ್ಯೆ ಉದ್ದಕ್ಕೆ ಹೋಗೋ ಒಂದು ದಿಣ್ಣೆ, ಮೇಲೆ ಪೊದೆ. ನೋಡಿದ ತಕ್ಷಣ ಕೆರೆ ಏರಿ ಅಂದ್ಕೋತೀರಿ. ಹತ್ತಿರ ಹೋದ್ರೆ ಪಕ್ಕದಲ್ಲಿ ದೊಡ್ಡ ದೊಡ್ಡ ಕಲ್ಲು ಸಾಲಾಗಿ ಇಣುಕ್ತಿರ್ತವೆ. ನಮ್ಮ ಕಡೆ ಹಳೇ ಕೋಟೆಗಳ ಪದ್ಧತಿಯೇ ಅದು, ಹೊರಮುಖಕ್ಕೆ ದಪ್ಪ ಕಲ್ಲು, ಒಡಲಿಗೆ ಮಣ್ಣು ಮತ್ತು ಚೂರುಗಲ್ಲು. ಮುಖದ ಕಲ್ಲು ಕಿತ್ತರೆ ಒಳಗಿನ ಮಣ್ಣು ಮಳೆಗೆ ಜಾರಿ ಬರೀ ದಿಣ್ಣೆ ಆಗುತ್ತೆ. ಹೀಗಾಗಿ ಒಂದು ಕಡೆ ಗೋಡೆ, ಇನ್ನೊಂದು ಕಡೆ ಮಣ್ಣಿನ ಗುಡ್ಡೆ ಕಾಣುತ್ತೆ, ಎರಡೂ ಅದೇ ಕೋಟೆ.

ಆಮೇಲೆ ದಿಣ್ಣೆಯ ಹೊರಗಡೆ ಕಣ್ಣು ಹಾಯಿಸಿ. ಅದಕ್ಕೆ ಅಂಟಿಕೊಂಡ ಹಾಗೆ ಒಂದು ಪಟ್ಟಿ ನೆಲ ಮಾತ್ರ ತಗ್ಗಾಗಿರುತ್ತೆ. ಮಳೆಗಾಲದಲ್ಲಿ ನೀರು ನಿಲ್ಲುತ್ತೆ, ಬೇಸಿಗೆಯಲ್ಲಿ ಅಲ್ಲಿ ಹುಲ್ಲು ಪಕ್ಕದ ಹೊಲಕ್ಕಿಂತ ಹಸಿರು. ಅದು ಕಂದಕ. ಮಗಳಿಗೆ ಮೊದಲು ಹೇಳ್ಬೇಡಿ, ‘ಇಲ್ಲಿ ಮಾತ್ರ ಯಾಕೆ ನೆಲ ತಗ್ಗು’ ಅಂತ ಕೇಳಿ ನೋಡಿ.

ಬೇಲೂರು ರಸ್ತೆಯೂ ಹಾಸನ ಕಡೆಯ ರಸ್ತೆಯೂ ಊರಿಗೆ ಬರುವಾಗ ಈ ಗೋಡೆ ಸಾಲನ್ನ ಕೊರೆದುಕೊಂಡೇ ಬರೋದು. ಕಾರು ನಿಧಾನ ಮಾಡಿ ಎಡಬಲ ನೋಡ್ತಾ ಬನ್ನಿ. ಹೊರಡೋ ಮುಂಚೆ ಫೋನಿನಲ್ಲಿ ಉಪಗ್ರಹ ನಕ್ಷೆ ತೆಗೆದು ಊರಿನ ಸುತ್ತ ನೋಡಿ. ಹೊಲದ ಬದುಗಳೆಲ್ಲ ಅಡ್ಡಾದಿಡ್ಡಿ ಹೋದ್ರೆ ಒಂದು ಗೆರೆ ಮಾತ್ರ ಬಳಸಿಕೊಂಡು ದೂರಕ್ಕೆ ಹೋಗುತ್ತೆ. ಅದನ್ನ ಸ್ಕ್ರೀನ್‌ಶಾಟ್ ಮಾಡ್ಕೊಳ್ಳಿ, ಸ್ಥಳದಲ್ಲಿ ನೆಟ್‌ವರ್ಕ್ ನಂಬೋ ಹಾಗಿಲ್ಲ.

ರಾಗಿಹೊಲ
ಮೇಲಿನವರು ಹೇಳಿದ್ದು ಸರಿ, ಒಂದು ಮಾತು ಸೇರಿಸ್ತೀನಿ. ದಿಣ್ಣೆ ಸರ್ಕಾರದ ರಕ್ಷಣೇಲಿ ಇರಬಹುದು, ಅದಕ್ಕೆ ಹೋಗೋ ದಾರಿ ಯಾರದ್ದೋ ಹೊಲ. ಬದು ಮೇಲೇ ನಡೀರಿ. ಜೂನ್‌ನಿಂದ ಆಗಸ್ಟ್‌ವರೆಗೆ ಆಲೂಗಡ್ಡೆ ಸಾಲು, ಆಮೇಲೆ ರಾಗಿ, ಜೋಳ. ಕೆಲಸ ಮಾಡ್ತಿರೋರು ಕಂಡ್ರೆ ‘ಅಣ್ಣಾ, ಕೋಟೆ ಕಲ್ಲು ನೋಡ್ಕೊಂಡು ಬರ್ಲಾ’ ಅಂತ ಒಂದು ಮಾತು ಕೇಳಿದ್ರೆ ಎಲ್ಲಿ ಚೆನ್ನಾಗಿ ಕಾಣುತ್ತೆ ಅಂತ ಅವರೇ ತೋರಿಸ್ತಾರೆ. ಕೇಳದೆ ನುಗ್ಗಿದ್ರೆ ಬೈಗುಳ ಗ್ಯಾರಂಟಿ, ಅದು ನ್ಯಾಯಾನೂ ಹೌದು.

ಕಾಲ: ರಾಗಿ ಕೊಯ್ಲಾದ ಮೇಲೆ, ಡಿಸೆಂಬರ್ ಕೊನೆಯಿಂದ ಫೆಬ್ರವರಿ. ಪೊದೆ ಒಣಗಿರುತ್ತೆ, ಗೋಡೆ ಸಾಲು ಪೂರ್ತಿ ಕಾಣುತ್ತೆ. ಮಳೆಗಾಲದಲ್ಲಿ ಲಂಟಾನ ಮುಚ್ಚಿಬಿಟ್ಟಿರುತ್ತೆ, ಕಲ್ಲೇ ಸಿಗಲ್ಲ.

ಹಾವಿನ ಬಗ್ಗೆ ಮಕ್ಕಳಿಗೆ ಮೊದಲೇ ಹೇಳಿಡಿ. ಸಂದು ಸಂದಾಗಿರೋ ಹಳೇ ಕಲ್ಲುಗೋಡೆ ಅಂದ್ರೆ ಹಾವಿಗೆ ಹೇಳಿ ಮಾಡಿಸಿದ ಜಾಗ. ಬೆಳಿಗ್ಗೆ ಬಿಸಿಲು ಕಾಯಿಸೋಕೆ ಕಲ್ಲಿನ ಮೇಲೆ ಬರ್ತವೆ. ಸಂದಿಗೆ ಕೈ ಹಾಕೋದು, ಬಂಡೆ ಮಗುಚೋದು ಬೇಡ. ಚಪ್ಪಲಿ ಅಲ್ಲ, ಶೂ ಹಾಕಿಸಿ. ಕಾಲು ಕುಟ್ಟಿಕೊಂಡು ಸದ್ದು ಮಾಡ್ತಾ ನಡೆದ್ರೆ ಅವೇ ಸರೀತವೆ.

ಹೇಮಾವತಿ_ದಡ
ತುಂಬಾ ಉಪಯೋಗ ಆಯ್ತು. ಯಾವ ಕ್ರಮದಲ್ಲಿ ನೋಡೋದು? ಅತ್ತೆ ನೂರಿನ್ನೂರು ಹೆಜ್ಜೆ ನಡೀತಾರೆ, ಎತ್ತರದ ಮೆಟ್ಟಿಲು ಕಷ್ಟ.

ಬಳಪದಕಲ್ಲು
ಎಲ್ಲರೂ ಮಾಡೋದಕ್ಕೆ ಉಲ್ಟಾ ಮಾಡಿ. ಹೊಯ್ಸಳೇಶ್ವರ ಕೊನೆಗಿಡಿ.

ಕಾರಣ ಬೆಳಕು. ಗುಡಿ ಪೂರ್ವಕ್ಕೆ ಮುಖ ಮಾಡಿದೆ. ದೊಡ್ಡ ವಿಗ್ರಹಗಳ ಸಾಲಿರೋದು ಹಿಂಭಾಗದಲ್ಲಿ, ಪಶ್ಚಿಮದ ಗೋಡೆಯಲ್ಲಿ. ಬೆಳಿಗ್ಗೆ ಅದು ನೆರಳಲ್ಲಿರುತ್ತೆ, ಕೆತ್ತನೆ ಚಪ್ಪಟೆಯಾಗಿ ಕಾಣುತ್ತೆ. ಮಧ್ಯಾಹ್ನ ಬಿಸಿಲು ನೆತ್ತಿ ಮೇಲೆ, ವಿಗ್ರಹದ ಮೇಲಿರೋ ಬಳ್ಳಿ ತೋರಣದ ನೆರಳು ಮುಖದ ಮೇಲೇ ಬೀಳುತ್ತೆ. ಮೂರೂವರೆ ಆದ ಮೇಲೆ ಬಿಸಿಲು ಓರೆಯಾಗಿ ಬರುತ್ತೆ ನೋಡಿ, ಆಗ ಸರದ ಒಂದೊಂದು ಮಣಿಯೂ ಬಿಡಿಬಿಡಿಯಾಗಿ ಎದ್ದು ಬರುತ್ತೆ. ಇನ್ನೊಂದು ಕಾರಣ ಕಾಲು. ಚಪ್ಪಲಿ ಬಿಟ್ಟು ಜಗತಿ (ಗುಡಿ ನಿಂತಿರೋ ಎತ್ತರದ ಕಲ್ಲುಕಟ್ಟೆ) ಮೇಲೆ ಸುತ್ತಬೇಕು, ಮಾರ್ಚ್‌ನಿಂದ ಮೇವರೆಗೆ ಮಟಮಟ ಮಧ್ಯಾಹ್ನ ಆ ಕಲ್ಲು ಕಾದ ಹೆಂಚು. ದಪ್ಪ ಕಾಲುಚೀಲ ಇಟ್ಕೊಳ್ಳಿ. ಮಳೆ ಬಂದಿದ್ರೆ ಮಾತ್ರ ಕಾಲುಚೀಲ ಬಿಚ್ಚಿ, ಒದ್ದೆ ಬಟ್ಟೆ ನುಣುಪು ಕಲ್ಲಿನ ಮೇಲೆ ಜಾರುತ್ತೆ.

7.15ಕ್ಕೆ ಹಾಸನ ಬಿಡಿ. ಬೇಲೂರು ರಸ್ತೆಯಲ್ಲಿ ಹಗರೆ ತನಕ ಬಂದು ಬಲಕ್ಕೆ ತಿರುಗಿದ್ರೆ ಹಳೇಬೀಡು, ಒಟ್ಟು 30 ಕಿ.ಮೀ. ಆಸುಪಾಸು. ನೇರ ಬಸ್ತಿಹಳ್ಳಿಗೆ ಹೋಗಿ. ಹೊಯ್ಸಳೇಶ್ವರದಿಂದ ದಕ್ಷಿಣಕ್ಕೆ ಅರ್ಧ ಕಿ.ಮೀ. ಅಷ್ಟೇ. ಮೂರು ಬಸದಿ ಒಂದೇ ಆವರಣದಲ್ಲಿ: ಪಾರ್ಶ್ವನಾಥ, ಶಾಂತಿನಾಥ, ಮಧ್ಯದಲ್ಲಿ ಸಣ್ಣದು ಆದಿನಾಥ. ಪಾರ್ಶ್ವನಾಥ ಬಸದಿ 1133ರದ್ದು. ದಂಡನಾಯಕ ಗಂಗರಾಜನ ಮಗ ಬೊಪ್ಪ ಕಟ್ಟಿಸಿದ್ದು. ವಿಷ್ಣುವರ್ಧನನಿಗೆ ಯುದ್ಧ ಗೆದ್ದ ಸುದ್ದಿ, ಮಗ ಹುಟ್ಟಿದ ಸುದ್ದಿ ಬಂದ ಹೊತ್ತಿಗೇ ಬಸದಿಯ ಪ್ರಸಾದವೂ ಬಂತಂತೆ. ಹಾಗಾಗಿ ದೇವರಿಗೆ ವಿಜಯ ಪಾರ್ಶ್ವ, ಮಗುವಿಗೆ ವಿಜಯ ನರಸಿಂಹ ಅಂತ ಹೆಸರಿಟ್ಟ. ಬೆಳಿಗ್ಗೆ ಅಲ್ಲಿ ಜನ ಕಡಿಮೆ. ಒಳಗಿನ ಬಾಗಿಲಿಗೆ ಬೀಗ ಇದ್ರೆ ಕಾವಲುಗಾರರನ್ನ ಕೇಳಿ.

ಒಳಗಿನ ಕಂಬಗಳ ಮುಂದೆ ಮಕ್ಕಳನ್ನ ನಿಲ್ಲಿಸಿ. ಚರಕಿಗೆ ಹಾಕಿ ತಿರುಗಿಸಿದ ಹಾಗಿರೋ ಕಂಬ, ಕನ್ನಡಿ ತರ ನಯಗೊಳಿಸಿದ್ದಾರೆ. ಉಬ್ಬಿದ ಬಳೆಯಲ್ಲಿ ಮುಖ ನೇರವಾಗಿ ಸಣ್ಣದಾಗಿ ಕಾಣುತ್ತೆ, ಒಳಗೆ ತಗ್ಗಿದ ಬಳೆಯಲ್ಲಿ ತಲೆಕೆಳಗಾಗುತ್ತೆ. ಹತ್ತನೇ ಕ್ಲಾಸಿನ ಬೆಳಕಿನ ಪಾಠ ಅಲ್ಲೇ ನಿಂತಿದೆ. ಟಾರ್ಚ್ ಬೆಳಕನ್ನ ಕಂಬಕ್ಕಲ್ಲ, ಮುಖಕ್ಕೆ ಬಿಡಿ, ಆಗ ಚೆನ್ನಾಗಿ ಕಾಣುತ್ತೆ. ಮುಟ್ಟಬೇಡಿ. ಕೈ ಬೆವರು, ಎಣ್ಣೆ ತಾಗಿ ತಾಗಿ ಹೊಳಪು ಹೋಗುತ್ತೆ.

ಅಲ್ಲಿಂದ ಕೂಗಳತೆಯಲ್ಲಿ ಕೇದಾರೇಶ್ವರ. ಇಮ್ಮಡಿ ಬಲ್ಲಾಳ ಮತ್ತು ರಾಣಿ ಕೇತಲದೇವಿ ಕಟ್ಟಿಸಿದ್ದು. ಶಿಖರದ ಸಂದಿನಲ್ಲಿ ಬೇರು ಬಿಟ್ಟ ಆಲದ ಗಿಡ ಬೆಳೆದು ಬೆಳೆದು ಕಲ್ಲುಗಳನ್ನ ಬಿಡಿಸಿ, 19ನೇ ಶತಮಾನದಲ್ಲಿ ಗುಡಿಯನ್ನೇ ಹಾಳುಮಾಡ್ತು. ಇವತ್ತಿಗೂ ಕಲ್ಲಿನ ಗುಡಿಗಳಿಗೆ ದೊಡ್ಡ ಶತ್ರು ಹಕ್ಕಿ ಹಿಕ್ಕೆಯಲ್ಲಿ ಬರೋ ಆಲ, ಅರಳಿ ಬೀಜ. ಇಲ್ಲಿ ಹುಲ್ಲುಹಾಸಿದೆ, ಅತ್ತೆ ಮಾವ ಕೂರಬಹುದು.

10.30ರಿಂದ ಬಿಸಿಲೇರೋ ಮುಂಚೆ ನೀವು ಮಕ್ಕಳ ಜೊತೆ ನಗರೇಶ್ವರ, ಕೋಟೆ ದಿಣ್ಣೆ ಮುಗಿಸಿ. ನಗರೇಶ್ವರದಲ್ಲಿ ಪುರಾತತ್ವ ಇಲಾಖೆ ಅಗೆದು ತೆಗೆದ ಗುಡಿಗಳ ತಳಪಾಯ ಕಾಣುತ್ತೆ. ಮೇಲೆ ಏನೂ ಇಲ್ಲ, ಹಾಗಾಗಿಯೇ ಗುಡಿ ಕಟ್ಟೋದು ಎಲ್ಲಿಂದ ಶುರುವಾಗುತ್ತೆ ಅಂತ ಮಕ್ಕಳಿಗೆ ತೋರಿಸೋಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. 12ಕ್ಕೆ ಊಟ. 1ಕ್ಕೆ ಮ್ಯೂಸಿಯಂ, ಹೊಯ್ಸಳೇಶ್ವರದ ಆವರಣದಲ್ಲೇ ಇದೆ. ಬಿಸಿಲ ಹೊತ್ತು ನೆರಳಲ್ಲಿ ಕಳೆಯುತ್ತೆ. ಶುಕ್ರವಾರ ರಜಾ, ನೀವು ಭಾನುವಾರ ಅಂದ್ರಿ, ತೊಂದರೆ ಇಲ್ಲ. 2ಕ್ಕೆ ಹುಲಿಕೆರೆ ಕಲ್ಯಾಣಿ ನೋಡಿ ಬಂದು, 3.15ಕ್ಕೆ ಹೊಯ್ಸಳೇಶ್ವರ. ಎರಡು ಗಂಟೆ ಬೇಕೇ ಬೇಕು.

ಅತ್ತೆಗೆ: ಜಗತಿಯ ಮೆಟ್ಟಿಲು ಎತ್ತರ. ಒಂದೇ ಸಲ ಹತ್ತಿಸಿ, ಒಂದು ಸುತ್ತು ಹಾಕಿಸಿ, ಒಳಗೆ ನಂದಿ ಮಂಟಪದ ನೆರಳಲ್ಲಿ ಕೂರಿಸಿ. ಪದೇ ಪದೇ ಇಳಿಸಿ ಹತ್ತಿಸ್ಬೇಡಿ. ಇಳಿಯುವಾಗಲೇ ಮಂಡಿಗೆ ಪೆಟ್ಟು.

ಹುಣಸೆಮರ
ಹುಲಿಕೆರೆ ಕಲ್ಯಾಣಿ ಬಗ್ಗೆ ಎಚ್ಚರ. ಆಳವಾದ ಮೆಟ್ಟಿಲು ಬಾವಿ, ಸುತ್ತ ಪುಟ್ಟ ಪುಟ್ಟ ಗುಡಿಗಳು, ನೋಡೋಕೆ ಬಹಳ ಚಂದ. ಆದ್ರೆ ಮೆಟ್ಟಿಲು ಕಡಿದು, ಪಾಚಿ ಇರುತ್ತೆ. ಆರು ವರ್ಷದವನನ್ನ ಕೈ ಬಿಡ್ಬೇಡಿ. ಮಳೆಗಾಲದಲ್ಲಾದ್ರೆ ಮೇಲಿಂದಲೇ ನೋಡಿ ಬನ್ನಿ. ಹಳ್ಳಿ ರಸ್ತೆ ಇಕ್ಕಟ್ಟು, ಎದುರಿಗೆ ಟ್ರ್ಯಾಕ್ಟರ್ ಬಂದ್ರೆ ನೀವೇ ಹಿಂದೆ ಹೋಗ್ಬೇಕಾಗುತ್ತೆ.

ಮೂರುಊರು_ಒಂದುದಿನ
ಇಷ್ಟೊಂದು ಒಂದೇ ಊರಿಗೆ ಯಾಕೆ ಸರ್? ಹಾಸನದಿಂದ ಎಲ್ಲ ಟ್ಯಾಕ್ಸಿಯವರೂ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಒಂದೇ ದಿನ ಮಾಡಿಸ್ತಾರೆ. ಬೆಳಿಗ್ಗೆ ಆರಕ್ಕೆ ಹೊರಟ್ರೆ ಆರಾಮ.

ಕಂದಕ_ಕಾವಲು
ಆಗುತ್ತೆ, ಕಾರಿನ ಕಿಟಕಿ ಚೆನ್ನಾಗಿ ನೋಡಿದ ಹಾಗೂ ಆಗುತ್ತೆ. ಹಾಸನದಿಂದ ಬೇಲೂರು 40, ಅಲ್ಲಿಂದ ಹಳೇಬೀಡು 16, ಅಲ್ಲಿಂದ ಬೆಳಗೊಳ ಸುಮಾರು 80, ವಾಪಸ್ 50. ಒಟ್ಟು 190 ಕಿ.ಮೀ. ಆಸುಪಾಸು, ಅಂದ್ರೆ ಐದು ಗಂಟೆ ಬರೀ ದಾರಿ. ಕೊನೆಗೆ ಮಧ್ಯಾಹ್ನದ ಬಿಸಿಲಲ್ಲಿ ಬರಿಗಾಲಲ್ಲಿ ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲು. ಮಂಡಿ ನೋವಿರೋ ಅತ್ತೆ ಅಂತ ಮೊದಲ ಸಾಲಲ್ಲೇ ಬರೆದಿದ್ದಾರೆ, ಓದಿ ಉತ್ತರ ಕೊಡಿ.

ಬೇಲೂರು ಜೊತೆಗೆ ಹಾಕೋದಾದ್ರೆ ಸರಿ, ಅದೂ 1117ರಲ್ಲಿ ಪ್ರತಿಷ್ಠೆಯಾದ ಗುಡಿ, ಇವತ್ತಿಗೂ ಪೂಜೆ ನಡೆಯೋ ಕಡೆ. ಆದ್ರೆ ಮಧ್ಯಾಹ್ನ ಗರ್ಭಗುಡಿ ಮುಚ್ಚೋ ಹೊತ್ತಿರುತ್ತೆ, ಅದಕ್ಕೆ ಸರಿಯಾಗಿ ಹೋಗಿ ನಿಲ್ಬೇಡಿ. ನನ್ನ ಕೇಳಿದ್ರೆ ಬೇಲೂರಿಗೆ ಇನ್ನೊಂದು ಭಾನುವಾರ.

ಮುಳ್ಳಯ್ಯನಗಿರಿ_ಕಡೆ
ಚಿಕ್ಕಮಗಳೂರಿನೋರೂ ಈ ಚರ್ಚೆ ಓದ್ತಿದ್ದೀವಿ, ನಮಗೂ ಸ್ವಲ್ಪ ಹೇಳಿ. ಬೇಲೂರು ಮೇಲೆ ಬಂದ್ರೆ 25 ಮತ್ತು 16, ಸುಮಾರು 41 ಕಿ.ಮೀ.

ಬಳಪದಕಲ್ಲು
ನೀವು ಸುತ್ತು ಹೊಡೀರಿ. ಹೋಗುವಾಗ ಜಾವಗಲ್ ರಸ್ತೇಲಿ ಬೆಳವಾಡಿ, ಅಲ್ಲಿ ವೀರನಾರಾಯಣ ತ್ರಿಕೂಟ ಗುಡಿ ನೋಡಿ, ಅಲ್ಲಿಂದ 10-12 ಕಿ.ಮೀ. ಬಂದ್ರೆ ಹಳೇಬೀಡು. ವಾಪಸ್ ಬೇಲೂರು ಮೇಲೆ. ಒಂದೇ ರಸ್ತೇಲಿ ಎರಡು ಸಲ ಓಡಾಡೋದು ತಪ್ಪುತ್ತೆ. ಬೆಳವಾಡಿಯಲ್ಲಿ ಗೋಡೆ ತುಂಬ ಶಿಲ್ಪ ಹುಡುಕ್ಬೇಡಿ. ಅಲ್ಲಿ ದೊಡ್ಡದು ಮಂಟಪ, ಕಂಬ. ಹಳೇಬೀಡಿನ ಗೋಡೆ ನೋಡೋ ಮುಂಚೆ ಅದನ್ನ ನೋಡಿದ್ರೇನೇ ಒಳ್ಳೇದು, ಆಮೇಲೆ ನೋಡಿದ್ರೆ ಸಪ್ಪೆ ಅನ್ಸುತ್ತೆ.

ಬುತ್ತಿ_ಗಂಟು
ಊಟದ ಮಾತು ಯಾರೂ ಎತ್ತಿಲ್ಲ. ದೇವಸ್ಥಾನದ ಎದುರು ಪ್ರವಾಸೋದ್ಯಮ ನಿಗಮದ ಮಯೂರ ಶಾಂತಲಾ ಇದೆ, ಬಸ್ ಸ್ಟ್ಯಾಂಡ್ ಹತ್ತಿರ ಸಣ್ಣ ಹೋಟೆಲುಗಳಿವೆ. ಭಾನುವಾರ ಒಂದು ಗಂಟೆಗೆ ಪ್ರವಾಸದ ಬಸ್ಸುಗಳು ಒಟ್ಟಿಗೆ ಬಂದು ನಿಂತ್ರೆ ಜಾಗ ಸಿಗಲ್ಲ, ಹನ್ನೆರಡಕ್ಕೇ ಕೂತುಬಿಡಿ. ಇಲ್ಲಾಂದ್ರೆ ಬುತ್ತಿ.

ಬುತ್ತಿಗೆ ಬೇಸಿಗೆಯಲ್ಲಿ ಕಾಯಿ ಹಾಕಿದ ಚಿತ್ರಾನ್ನ ಬೇಡ, ಕಾರಲ್ಲಿ ಐದು ಗಂಟೆ ಬಿಸಿಗೆ ಕಾಯಿ ಹಳಸುತ್ತೆ. ಪುಳಿಯೋಗರೆ ಹುಳಿ, ಎಣ್ಣೆ ಎರಡೂ ಇರೋದ್ರಿಂದ ಸಂಜೆ ತನಕ ತಡೀತದೆ. ಅನ್ನ ಪೂರ್ತಿ ಆರಿದ ಮೇಲೇ ಗೊಜ್ಜು ಕಲಸಿ, ಬಿಸಿ ಇದ್ರೆ ಡಬ್ಬಿಯಲ್ಲಿ ಬೆವತು ಮುದ್ದೆಯಾಗುತ್ತೆ. ಮೊಸರನ್ನಕ್ಕೆ ಬೆಳಿಗ್ಗೆ ಮೊಸರು ಸುರಿದ್ರೆ ಮಧ್ಯಾಹ್ನಕ್ಕೆ ಹುಳಿ. ಒಂದು ಪಾವು ಅಕ್ಕಿಯ ಅನ್ನ ಮೆತ್ತಗೆ ಮಾಡಿ, ಉಗುರು ಬೆಚ್ಚಗಿರುವಾಗ ಎರಡೂವರೆ ಲೋಟ ಕಾಯಿಸಿ ಆರಿಸಿದ ಹಾಲು, ಎರಡೇ ಚಮಚ ಮೊಸರು ಹಾಕಿ ಕಲಸಿ. ಆರೂವರೆಗೆ ಕಲಸಿದ್ದು ಹನ್ನೆರಡಕ್ಕೆ ಸರಿಯಾಗಿ ಹೆಪ್ಪಾಗಿರುತ್ತೆ. ಉಪ್ಪು, ಒಗ್ಗರಣೆ ಬೆಳಿಗ್ಗೆಯೇ ಹಾಕಬಹುದು, ಸೌತೆಕಾಯಿ ಮಾತ್ರ ತಿನ್ನೋ ಮುಂಚೆ. ನೀರು ತಲಾ ಒಂದೂವರೆ ಲೀಟರ್.

ಸ್ಮಾರಕದ ಹುಲ್ಲುಹಾಸಿನ ಮೇಲೆ ಡಬ್ಬಿ ಬಿಚ್ಚಬೇಡಿ, ಕಾವಲುಗಾರರು ಎಬ್ಬಿಸ್ತಾರೆ. ಹೊರಗೆ ಕೂತು ಉಣ್ಣಿ, ಎಲೆ, ಕವರ್ ವಾಪಸ್ ತನ್ನಿ.

ಕೆಂಪುಬಸ್ಸು
ಕಾರಿಲ್ಲದೋರಿಗೆ: ಹಾಸನ ಬಸ್ ನಿಲ್ದಾಣದಿಂದ ನೇರ ಬಸ್ಸುಗಳಿವೆ, ಸುಮಾರು ಒಂದು ಗಂಟೆ ದಾರಿ. ಬೇಲೂರಿಂದ ಅರ್ಧ ಗಂಟೆ. ಹೆಣ್ಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ, ರಾಜ್ಯದ ವಿಳಾಸವಿರೋ ಗುರುತಿನ ಚೀಟಿ ಇದ್ರೆ ಸಾಮಾನ್ಯ ಬಸ್ಸಲ್ಲಿ ಟಿಕೆಟ್ ದುಡ್ಡಿಲ್ಲ, ರಾಜಹಂಸ, ಎಸಿ ಬಸ್ಸಿಗೆ ಅನ್ವಯಿಸಲ್ಲ. ಇಳಿದ ತಕ್ಷಣ ಕೊನೇ ಬಸ್ಸು ಎಷ್ಟೊತ್ತಿಗೆ ಅಂತ ಕಂಡಕ್ಟರನ್ನೇ ಕೇಳ್ಕೊಳ್ಳಿ. ಕೋಟೆ ದಿಣ್ಣೆ, ಹುಲಿಕೆರೆಗೆ ಆಟೋ ಮಾಡ್ಕೊಬೇಕು. ಹೋಗಿ, ಕಾದು, ವಾಪಸ್, ಮೂರಕ್ಕೂ ಸೇರಿಸಿ ರೇಟು ಮೊದಲೇ ಮಾತಾಡಿ. ಬರೀ ಹೋಗೋದಕ್ಕೆ ಮಾತಾಡಿದ್ರೆ ವಾಪಸ್ ಬರುವಾಗ ಜಗಳ.

ಸಳನ_ಹುಲಿ
ಈ ಕೋಟೆ ಇದ್ದೂ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫೂರ್ ಒಂದೇ ಏಟಿಗೆ ಒಳನುಗ್ಗಿ ದೇವಸ್ಥಾನದ ಶಿಖರ ಒಡೆದನಲ್ಲ? ಗೈಡುಗಳು ಹಾಗೇ ಹೇಳೋದು.

ಕಂದಕ_ಕಾವಲು
ಎರಡು ಬೇರೆ ಬೇರೆ ವಿಷಯ ಗಂಟು ಹಾಕ್ಬೇಡಿ. ಕಾಫೂರ್ ಬಂದದ್ದು 1311ರ ಫೆಬ್ರವರಿಯಲ್ಲಿ. ಆಗ ಮುಮ್ಮಡಿ ಬಲ್ಲಾಳ ಊರಲ್ಲಿರಲಿಲ್ಲ, ಪಾಂಡ್ಯರ ಅಣ್ಣತಮ್ಮಂದಿರ ಜಗಳದ ಲಾಭ ಪಡೆಯೋಕೆ ಸೈನ್ಯ ಕಟ್ಟಿಕೊಂಡು ತಮಿಳು ಸೀಮೆಗೆ ಹೋಗಿದ್ದ. ಸುದ್ದಿ ತಿಳಿದು ವಾಪಸ್ ಓಡಿ ಬಂದ. ಮುತ್ತಿಗೆ ಬಿತ್ತು, ಸಂಧಿ ಆಯ್ತು. ಆನೆ, ಕುದುರೆ, ಬೊಕ್ಕಸ ಕೊಟ್ಟ. ಮಗ ವಿರೂಪಾಕ್ಷ ದೆಹಲಿಗೆ ಹೋಗಿ 1313ರಲ್ಲಿ ವಾಪಸ್ ಬಂದ. ಅಂದ್ರೆ ಗೋಡೆ ಬಿದ್ದದ್ದಕ್ಕಿಂತ ಗೋಡೆ ಕಾಯೋ ಸೈನ್ಯ ಇಲ್ಲದ್ದೇ ದೊಡ್ಡ ಕಾರಣ. ಮಕ್ಕಳಿಗೆ ಹೇಳೋದಾದ್ರೆ ಇದನ್ನ ಹೇಳಿ. ಎರಡನೇ ದೊಡ್ಡ ಪೆಟ್ಟು ಮುಹಮ್ಮದ್ ಬಿನ್ ತುಘಲಕ್ ಕಾಲದಲ್ಲಿ, 1327ರ ಸುಮಾರಿಗೆ. ಅದಾದ ಮೇಲೆ ಬಲ್ಲಾಳ ತಿರುವಣ್ಣಾಮಲೈ ಕಡೆ ನೆಲೆ ಮಾಡಿಕೊಂಡ. ರಾಜಧಾನಿ ಅಲ್ಲದ ಊರಿಗೆ ಅಷ್ಟುದ್ದದ ಗೋಡೆ ಯಾರು ರಿಪೇರಿ ಮಾಡ್ತಾರೆ?

ಇವತ್ತು ಹೊಯ್ಸಳೇಶ್ವರಕ್ಕೆ ಶಿಖರ ಇಲ್ಲದ್ದನ್ನೆಲ್ಲ ಒಬ್ಬನ ತಲೆಗೆ ಕಟ್ಟೋದು ಗೈಡುಗಳ ಅನುಕೂಲಕ್ಕೆ.

ಸಳನ_ಹುಲಿ
ಹಾಗಾದ್ರೆ ಗರುಡರ ಕಂಬದ ಕತೆಯೂ ಕಟ್ಟುಕತೆಯಾ?

ಬಳಪದಕಲ್ಲು
ಇಲ್ಲ, ಅದು ಶಾಸನದಲ್ಲೇ ಇದೆ. ಹೊಯ್ಸಳೇಶ್ವರದ ದಕ್ಷಿಣಕ್ಕೆ ಆವರಣದಲ್ಲೇ ನಿಂತಿದೆ. ಇಮ್ಮಡಿ ಬಲ್ಲಾಳನ ಅಂಗರಕ್ಷಕ ಕುವರ ಲಕ್ಷ್ಮ. ದೊರೆ ಸತ್ತ ಮೇಲೆ ಬದುಕಲ್ಲ ಅಂತ ಭಾಷೆ ಕೊಟ್ಟವರು ಗರುಡರು. ಬಲ್ಲಾಳ ತೀರಿಕೊಂಡಾಗ ಹೆಂಡತಿ, ಅನುಚರರ ಜೊತೆ ಪ್ರಾಣ ಬಿಟ್ಟ. ಕಂಬದ ಸುತ್ತ ಕತ್ತಿ ಹಿಡಿದ ಆಳುಗಳು ತಾವೇ ತಲೆ ಕತ್ತರಿಸಿಕೊಳ್ಳೋ ಕೆತ್ತನೆ ಇದೆ. ನಂದಿ ಫೋಟೋ ತೆಗೆಯೋ ಗಲಾಟೆಯಲ್ಲಿ ನೂರಕ್ಕೆ ತೊಂಬತ್ತು ಜನ ಇದನ್ನ ದಾಟಿ ಹೋಗ್ತಾರೆ. ಆರು ವರ್ಷದವನಿಗೆ ವಿವರ ಹೇಳ್ಬೇಕೋ ಬೇಡ್ವೋ ನೀವೇ ನೋಡ್ಕೊಳ್ಳಿ.

ಚಿಣ್ಣರ_ಮೇಷ್ಟ್ರು
ಮಕ್ಕಳನ್ನ ಗೋಡೆ ಮುಂದೆ ಎರಡು ಗಂಟೆ ಹಿಡಿದಿಡೋದು ಸುಲಭ ಅಲ್ಲ. ಹೀಗೆ ಮಾಡಿ. ಕೆಳಗಿಂದ ಮೇಲಕ್ಕೆ ಪಟ್ಟಿಕೆಗಳನ್ನ ಎಣಿಸೋಕೆ ಹೇಳಿ: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕತೆಗಳು, ಮಕರ, ಹಂಸ. ಎಂಟು. ಚಿಕ್ಕವನ ಎತ್ತರಕ್ಕೆ ಆನೆ, ಸಿಂಹವೇ ಸರಿಯಾಗಿ ಸಿಗ್ತವೆ, ಅವನಿಗೆ ಒಂದರ ತರ ಇನ್ನೊಂದಿರೋ ಎರಡು ಆನೆ ಹುಡುಕೋ ಕೆಲಸ ಕೊಡಿ. ಸೊಂಡಿಲು, ಮಾವುತ, ಕಾಲು, ಎಲ್ಲೋ ಒಂದು ಕಡೆ ವ್ಯತ್ಯಾಸ ಸಿಕ್ಕೇ ಸಿಗುತ್ತೆ. ದೊಡ್ಡವಳಿಗೆ ಮಕರ: ಮೊಸಳೆ ಬಾಯಿ, ಆನೆ ಸೊಂಡಿಲು, ಸಿಂಹದ ಕಾಲು, ಹಂದಿ ಮೈ, ನವಿಲಿನ ಬಾಲ, ಒಂದೊಂದೇ ಬೆರಳು ಮಾಡಿ ತೋರಿಸಲಿ.

ಕತೆ ಪಟ್ಟಿಕೆ ಒಬ್ಬರೇ ಓದೋಕೆ ಕಷ್ಟ, ಅಂಗೈಯಗಲದ ಕೆತ್ತನೆ. ಗೊತ್ತಿರೋ ಗುರುತು ಹಿಡೀರಿ. ಬೆಟ್ಟ ಎತ್ತಿದವನು ಕಂಡ್ರೆ ಗೋವರ್ಧನ. ಬೆಟ್ಟದ ಕೆಳಗೆ ಹತ್ತು ತಲೆ ಕಂಡ್ರೆ ಕೈಲಾಸ ಎತ್ತಿದ ರಾವಣ, ಅವನಿಗೆ ದೊಡ್ಡ ಶಿಲ್ಪವೇ ಇದೆ. ಅಜ್ಜನನ್ನ ಈ ಕೆಲಸಕ್ಕೆ ಹಚ್ಚಿ, ರಾಮಾಯಣ ಮಹಾಭಾರತ ಅವರಿಗೆ ಗೊತ್ತಿರೋ ಅಷ್ಟು ನಿಮಗೆ ಗೊತ್ತಿರಲ್ಲ.

ಇನ್ನೊಂದು. ಕೆಲವು ವಿಗ್ರಹಗಳ ಪೀಠದಲ್ಲಿ ಕೆತ್ತಿದವರ ಹೆಸರಿದೆ, ಹಳಗನ್ನಡ ಅಕ್ಷರದಲ್ಲಿ. ಮಾಬಲ, ಬಳ್ಳಣ, ಬೋಚಣ, ಕೇತಣ, ಹೀಗೆ. ಅಕ್ಷರ ಬೆರಳುಗುರಿನಷ್ಟು ಸಣ್ಣದು, ಓರೆ ಬಿಸಿಲಲ್ಲಿ ಮಾತ್ರ ಕಾಣುತ್ತೆ. ಈಗಿನ ಕನ್ನಡ ಬಲ್ಲ ಮಗು ‘ಬ’, ‘ಲ’ ಹಿಡಿದುಬಿಡುತ್ತೆ.

ಹೇಮಾವತಿ_ದಡ
ಗೈಡ್ ಬೇಕಾ? ದುಡ್ಡು, ಟಿಕೆಟ್?

ಹುಣಸೆಮರ
ಗುಡಿಗೆ ಟಿಕೆಟ್ ಇಲ್ಲ. ಮ್ಯೂಸಿಯಂಗೆ, ಚಪ್ಪಲಿ ಸ್ಟ್ಯಾಂಡಿಗೆ, ಪಾರ್ಕಿಂಗ್‌ಗೆ ಚಿಲ್ಲರೆ ಇಟ್ಕೊಳ್ಳಿ. ಗೈಡ್ ತಗೊಳ್ಳೋದಾದ್ರೆ ಇಲಾಖೆಯ ಗುರುತಿನ ಚೀಟಿ ಇರೋರನ್ನ ತಗೊಳ್ಳಿ, ‘ಮುಖ್ಯ ಗುಡಿ ಅಷ್ಟೇನಾ, ಬಸದಿಯೂ ಸೇರಿತಾ’ ಅಂತ ಮೊದಲೇ ಕೇಳಿ. ಅವಸರದಲ್ಲಿರೋರು ಅರ್ಧ ಗಂಟೇಲಿ ಓಡಿಸಿಬಿಡ್ತಾರೆ. ಶೌಚಾಲಯ ಹೊಯ್ಸಳೇಶ್ವರದ ಬಾಗಿಲ ಹತ್ತಿರವೇ ಮುಗಿಸ್ಕೊಳ್ಳಿ, ಕೋಟೆ, ಹುಲಿಕೆರೆ ಕಡೆ ಏನೂ ನಂಬ್ಬೇಡಿ.

ಬಳಪದಕಲ್ಲು
ಡ್ರೋನ್ ತರೋ ಯೋಚನೆ ಯಾರಿಗಾದ್ರೂ ಇದ್ರೆ ಬಿಟ್ಟುಬಿಡಿ, ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಹಾರಿಸೋ ಹಾಗಿಲ್ಲ. ಟ್ರೈಪಾಡಿಗೂ ಅನುಮತಿ ಕೇಳ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಸೋಮನಾಥಪುರದ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿದೆ. ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟಂಗಿಲ್ಲ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. ಹಳೇಬೀಡಿನೋರಿಗೆ ಮನೆ ಮೇಲೆ ಒಂದು ಮಹಡಿ ಎತ್ತೋಕೂ ತಲೆನೋವು ಇದೇ. ನಾವು ಹೋಗಿ ‘ಊರು ಯಾಕೆ ಹೀಗಿದೆ’ ಅಂತ ಮೂಗು ಮುರಿಯೋ ಮುಂಚೆ ಇದೂ ಗೊತ್ತಿರಲಿ.

ರಾಗಿಹೊಲ
ಡಿಸೆಂಬರ್, ಜನವರಿ ಭಾನುವಾರ ಆದ್ರೆ ಶಾಲಾ ಪ್ರವಾಸದ ಬಸ್ಸು ಸಾಲುಗಟ್ಟಿರುತ್ತೆ, ಹನ್ನೊಂದರಿಂದ ಎರಡರ ತನಕ ಹೊಯ್ಸಳೇಶ್ವರ ಜಾತ್ರೆ. ಬಳಪದಕಲ್ಲು ಅವರ ಕ್ರಮದಲ್ಲಿ ಆ ಹೊತ್ತು ನೀವು ಹೊಲದ ಕಡೆ ಇಲ್ಲಾ ಊಟಕ್ಕೆ ಇರ್ತೀರಿ, ಬಚಾವ್.

ಹೇಮಾವತಿ_ದಡ
ಎಲ್ಲ ಬರ್ಕೊಂಡೆ. ಕೊನೇದಾಗಿ, ಇಡೀ ಕೋಟೆ ಒಟ್ಟಿಗೆ ಕಾಣೋ ಎತ್ತರದ ಜಾಗ ಇದೆಯಾ? ಅತ್ತೆ ಹತ್ತೋ ಹಾಗಿರಬೇಕು.

ಕಂದಕ_ಕಾವಲು
ಪುಷ್ಪಗಿರಿ. ಊರಿಂದ ಎರಡು ಮೂರು ಕಿ.ಮೀ., ಮಲ್ಲಿಕಾರ್ಜುನ ಗುಡಿ ಇದೆ, ಮೇಲಕ್ಕೆ ವಾಹನ ಹೋಗುತ್ತೆ. ಐದೂಕಾಲಿಗೆ ಹೊಯ್ಸಳೇಶ್ವರ ಬಿಟ್ಟು ನೇರ ಅಲ್ಲಿಗೆ ಹೋಗಿ. ಮೊದಲು ಕೆರೆ ಗುರುತು ಹಿಡೀರಿ, ಅದು ತಪ್ಪೋ ಹಾಗಿಲ್ಲ. ಕೆರೆ ಪಕ್ಕ ಗುಡಿಯ ಮರಗಳು, ಅಲ್ಲಿಂದ ಪಶ್ಚಿಮಕ್ಕೆ ಕಣ್ಣು ಸರಿಸಿದ್ರೆ ಬೆಣ್ಣೆಗುಡ್ಡ, ಅದರಾಚೆ ಹೊಲ. ಬೆಳಿಗ್ಗೆ ತೆಗೆದ ಸ್ಕ್ರೀನ್‌ಶಾಟ್ ಕೈಯಲ್ಲಿಟ್ಕೊಂಡು ಮಗಳು ತಾಳೆ ಹಾಕ್ಲಿ. ಡಿಸೆಂಬರ್‌ನಲ್ಲಿ ಆರು ಗಂಟೆಗೆಲ್ಲ ಕತ್ತಲಾಗುತ್ತೆ, ಹಗರೆ ದಾರೀಲಿ ದನ, ಎತ್ತಿನ ಗಾಡಿ ದೀಪ ಇಲ್ಲದೆ ಬರ್ತವೆ, ಐದೂಮುಕ್ಕಾಲಿಗೆ ಇಳಿದುಬಿಡಿ.